ಕೊರಳಪಟ್ಟಿಯ ಗುರುತು

ಮಾರ್ಚ್ ೧೪, ಮಧ್ಯಾಹ್ನ

ನನ್ನ ಮೇಲೆ ಮುನಿಯುವ ಹಕ್ಕು ಪೂರ್ತಿ ಇರುವ ಅಕ್ಕನಿಗೆ, ತಂಗಿಯ ನಮಸ್ಕಾರ.

ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ.

ಬಟ್ಟೆ ಒಗೆಯುವ ತೊಟ್ಟಿಗಳನ್ನು ಮುಚ್ಚಿ ಕಾರು ನಿಲ್ಲಿಸುವ ಜಾಗ ಮಾಡಬೇಡಿ ಎಂಬ ಅರ್ಜಿ ಹಿಡಿದು ನಮ್ಮ ಜನರ ಜೊತೆ ನೀನು ನಿನ್ನೆ ನನ್ನ ಮೇಯರ್ ಕಚೇರಿಗೆ ಬಂದೆ. ಒಗೆಯುವ ಸೋಡಾ ತಿಂದುಹಾಕಿದ ನಿನ್ನ ಆ ಬೆರಳುಗಳನ್ನು ಕಂಡ ಕೂಡಲೇ ನಾನು ಎದ್ದು ಬರಬೇಕಿತ್ತು. ಮೇಜಿನ ಹಿಂದೆ ಕೂತೇ, "ಹೇಳಿ, ನೀವು ಯಾರು" ಎಂದೆ. ನಿನಗೆ, ನೀವು! ಜಗಳದಲ್ಲೂ ನಿನ್ನನ್ನು ಹಾಗೆ ಕರೆದವಳಲ್ಲ. ಇವರು ನಿಮಗೆ ಪರಿಚಯವೇ ಎಂದು ಕಮಿಷನರು ಕೇಳಿದಾಗ ಕಾಗದ ಹುಡುಕುವ ನಾಟಕ ಮಾಡಿದೆ. ನೀನೇ ಪಾರುಮಾಡಿದೆ. "ದೊಡ್ಡೋರಿಗೆ ನಮ್ಮಂಥೋರ ಗುರ್ತು ಎಲ್ಲಿರತ್ತೆ ಸಾರ್" ಅಂದೆ. ಅವರೆಲ್ಲ ನಕ್ಕರು. ನಾನೂ ನಕ್ಕೆ ಅಕ್ಕಾ.

ಗುರ್ತು! ಅಕ್ಷರಕ್ಕಿಂತ ಮೊದಲು ಅಪ್ಪ ನಮಗೆ ಕಲಿಸಿದ್ದು ಅದನ್ನೇ ಅಲ್ಲವೇ? ಒಗೆಯಲು ಬಂದ ಬಟ್ಟೆಯ ಮೇಲೆ ಕೆಂಪು ದಾರದಲ್ಲಿ ಮೂರು ಚುಕ್ಕೆ, ಒಂದು ಗೀಟು. ಎಷ್ಟು ಗಂಟು ಬೆರೆತರೂ ನಮ್ಮ ಮನೆಯಲ್ಲಿ ಒಗೆದ ಬಟ್ಟೆ ಕಳೆಯಬಾರದು ಅನ್ನುತ್ತಿದ್ದ.

ನಾನು ಮೊದಲ ಸಲ ಚುನಾವಣೆಗೆ ನಿಂತಾಗ ನೀನು ಇಸ್ತ್ರಿ ಬಟ್ಟೆ ಕೊಡುವ ಬಾಗಿಲಲ್ಲೆಲ್ಲ, "ನಮ್ಮ ತಂಗಿ ನಿಂತಿದಾಳೆ, ಮರೀಬೇಡಿ" ಎಂದು ಓಟು ಕೇಳಿದೆ. ಎರಡು ಸಲ ಗೆದ್ದು ಮೇಯರ್ ಆದಮೇಲೆ ನನ್ನ ಪರಿಚಯದ ಪುಸ್ತಿಕೆಯಲ್ಲಿ ಅಪ್ಪನ ಕಸುಬು 'ಜವಳಿ ಉದ್ಯಮ' ಎಂದಾಯಿತು. ಉದ್ಯಮವಂತೆ! ಕಾರ್ಯದರ್ಶಿಯ ತಪ್ಪು ಎಂದು ನಿನಗೆ ಹೇಳಿದ್ದೆ. ಅವನು 'ಬಟ್ಟೆ ಒಗೆಯುವವರು' ಎಂದೇ ಬರೆದಿದ್ದ, ತಿದ್ದಿದ್ದು ನಾನು. ಹತ್ತಿದ ಏಣಿ ಒದೆಯುವವರನ್ನು ಭಾಷಣದಲ್ಲಿ ಬೈಯುತ್ತಿದ್ದವಳೂ ನಾನೇ.

ಅಪ್ಪನ ಕಸುಬಿಗೆ ನಾಚುತ್ತಿದ್ದವಳಿಗೆ ಈಗ ತನ್ನನ್ನು ಕಂಡರೇ ನಾಚಿಕೆ.

ನಾಳೆ ಹತ್ತು ಗಂಟೆಗೆ ತೊಟ್ಟಿಗಳ ವಿಷಯ ಸಭೆಗೆ ಬರುತ್ತದೆ. ಎರಡು ಕಡೆಯೂ ಸಮ, ಕೊನೆಯ ಓಟು ನನ್ನದು. ಮುಚ್ಚಬಾರದು ಎನ್ನುತ್ತೇನೆ. ಯಾಕೆ ಎಂದು ಕೇಳಿದರೆ ಯಾರ ಮಗಳೆಂದು ಹೇಳಬೇಕು. ಕನ್ನಡಿಯ ಮುಂದೆ ನಾಲ್ಕು ಸಲ ಹೇಳಿ ನೋಡಿದೆ, ಮೂರು ಸಲ ತೊದಲಿದೆ. ನೀನು ಬಂದು ಮುಂದಿನ ಸಾಲಿನಲ್ಲಿ ಕೂತುಕೋ.

ನೀನೇ ಹೆಸರಿಟ್ಟ,
ಬಾಯಿಬಡುಕಿ

ತಾ.ಕ.: ಇದರ ಜೊತೆ ನನ್ನ ಮೇಯರ್ ಗೌನು ಕಳಿಸಿದ್ದೇನೆ. ಕೊರಳಪಟ್ಟಿಯ ಒಳಗಿನ ತೂತು ಇಲಿ ಕಡಿದದ್ದಲ್ಲ. ಮೊದಲ ಸಲ ಒಗೆದು ಬಂದಾಗ ಅಲ್ಲಿ ಮೂರು ಚುಕ್ಕೆ, ಒಂದು ಗೀಟು ಇತ್ತು. ನಿನ್ನ ಹೊಲಿಗೆ ನನಗೆ ಗೊತ್ತಾಗದೆ ಇರುತ್ತದೆಯೇ? ಯಾರಾದರೂ ನೋಡಿಯಾರೆಂದು ಕತ್ತರಿಯಲ್ಲಿ ಕತ್ತರಿಸಿಬಿಟ್ಟೆ. ತೇಪೆ ಹಾಕಿ, ಅದರ ಮೇಲೆ ಮತ್ತೆ ಗುರುತು ಹಾಕಿ, ಹತ್ತು ಗಂಟೆಯೊಳಗೆ ನೀನೇ ತಾ.