ಜೇನುಮರದ ಮೇಲಿನ ಕೆಂಪು ಗುರುತು

ಸುಲಾವಳ ಅಪ್ಪಾ,

ನನ್ನ ಅಮ್ಮನಿಗೆ ಮತ್ತೆ ಜ್ವರವಂತೆ, ದೋಣಿಯಲ್ಲಿ ತವರಿಗೆ ಹೊರಟಿದ್ದೇನೆ. ಶಾಲೆ ಮಕ್ಕಳಿಗೆ ಇವತ್ತಿನ ಕಾಡಿನ ಪಾಠ ನನ್ನ ಬದಲು ನೀವೇ ಮಾಡಿ.

ಬಿದಿರಲ್ಲಿ ಬೇಯಿಸಿದ ಅನ್ನ ಒಲೆಯ ಪಕ್ಕ ಇದೆ. ಬೇಡ ಅನ್ನುವ ಮಗುವೂ ಅದನ್ನು ಬೆರಳಲ್ಲಿ ಮುಟ್ಟಿಯೇ ಕಾಡಿಗೆ ಹೊರಡಲಿ. ನಿನ್ನೆ ಮರದ ವಿಷಯಕ್ಕೆ ಜಗಳವಾಡಿ ನೀವು ಅನ್ನ ಮುಟ್ಟದೆ ಕಾಡಿಗೆ ಹೋದಿರಿ. ಅಂಥವರನ್ನು ಹಾವು ಹುಡುಕಿಕೊಂಡು ಬರುತ್ತದಲ್ಲ, ನೀವು ಬರುವವರೆಗೂ ನನ್ನ ಜೀವ ನನ್ನಲ್ಲಿರಲಿಲ್ಲ.

ಜಿಗಣೆಗೆ ಹೊಗೆಸೊಪ್ಪು ಮರೆಯಬೇಡಿ.

ಜೇನು ಕಟ್ಟುವ ನಮ್ಮ ತಪಾಂಗ್ ಮರದ ಬುಡಕ್ಕೂ ಕರೆದುಕೊಂಡು ಹೋಗಿ. ಕಡಿಸಿ ಮಾರಲೆಂದು ನೀವು ಬಳಿದ ಕೆಂಪು ಗುರುತು ಮಕ್ಕಳ ಕಣ್ಣಿಗೆ ಬಿದ್ದೇ ಬೀಳುತ್ತದೆ. "ಇದೇನಪ್ಪಾ?" ಅಂತ ಸುಲಾವ್ ಕೇಳದೆ ಬಿಡುವವಳಲ್ಲ, ನಿಮ್ಮದೇ ಮಗಳು.

ಎಲ್ಲರ ಮುಂದೆ ನಿಜ ಹೇಳಿ. ಹೇಳಿದ ಮೇಲೂ ಮರ ಕಡಿಸಬೇಕು ಅನ್ನಿಸಿದರೆ ಕಡಿಸಿ, ನಾನು ಇನ್ನು ಆ ಮಾತೆತ್ತುವುದಿಲ್ಲ.