ಒಂದೇ ಬಾಗಿಲಿನ ಕಾಲೇಜು

ಉಟಗಿ, ೯ ಜೂನ್ ೧೯೫೪

ಚಿ. ನೀಲವ್ವಗೆ ಅಜ್ಜ ಸೋಮನಿಂಗಪ್ಪನ ಆಶೀರ್ವಾದ.

ಪುಣೆಯ ದೊಡ್ಡ ವಿದ್ಯಾಪೀಠ ಬೇಡ, ಹೆಣ್ಣುಮಕ್ಕಳ ಸಣ್ಣ ಕಾಲೇಜಿಗೇ ಸೇರು ಎಂದು ಹೋದ ಪತ್ರದಲ್ಲಿ ಬರೆದಿದ್ದೆ. ಅದನ್ನು ಹರಿದು ಒಗೆ.

ಸೋಮವಾರ ನಿನ್ನ ಸೋದರಮಾವ ಬಾಳಗೊಂಡ ಮತ್ತೆ ಬಂದಿದ್ದ. ಅಕ್ಕನ ಮಗಳು ತನ್ನ ಹಕ್ಕು, ನೀನು ಒಲ್ಲೆ ಅಂದರೂ ತಾಳಿ ಕಟ್ಟಿಯೇ ಕಟ್ಟುತ್ತೇನೆ ಎಂದ. ನನಗೆ ಸಿಟ್ಟು ನೆತ್ತಿಗೇರಿತು. "ಆಕಿ ಹೆಣ್ಮಕ್ಕಳ ಕಾಲೇಜಿಗೆ ಹೊಂಟಾಳ. ಸುತ್ತ ಎತ್ತರ ಗ್ವಾಡಿ ಐತಿ, ನಿನ್ನಂಥಾ ನಾಯೀನ ಒಳಗ ಬಿಡೂದಿಲ್ಲ" ಎಂದು ಕಾಲೇಜಿರುವ ಊರಿನ ಹೆಸರು ಸಮೇತ ಒದರಿಬಿಟ್ಟೆ.

ಅವನು ಸಿಟ್ಟಾಗಲಿಲ್ಲ. ಚಹಾ ಪೂರಾ ಕುಡಿದು ಕೇಳಿದ: "ಬಾಗಿಲಾ ಎಷ್ಟ ಅದಾವ್ರಿ ಮಾವಾರ?"

ನಾನು ಮೂವತ್ತು ವರ್ಷ ಕುರಿ ಕಾದವನು. ಹಟ್ಟಿಗೆ ಒಂದೇ ಬಾಗಿಲಿದ್ದರೆ ತೋಳ ಬೇಲಿ ಹಾರುವುದಿಲ್ಲ, ಬಾಗಿಲಲ್ಲೇ ಕಾಯುತ್ತ ಕೂಡುತ್ತದೆ.

ನಿನ್ನೆ ಅವನು ಹಾಸಿಗೆ ಸುತ್ತಿಕೊಂಡು, ಹದಿನೈದು ದಿನಕ್ಕಾಗುವಷ್ಟು ಒಣ ಕಟಕ ರೊಟ್ಟಿ ಕಟ್ಟಿಕೊಂಡು ಆ ಊರಿನ ಎಸ್.ಟಿ. ಬಸ್ಸು ಹತ್ತಿದ.

ನೀನು ಊರಿಗೆ ಬರದೆ, ಈಗಿರುವ ಗೆಳತಿಯ ಮನೆಯಿಂದಲೇ ನೆಟ್ಟಗೆ ಪುಣೆಗೆ ಹೋಗು. ಅಲ್ಲಿ ಬಾಗಿಲುಗಳಿಗೆ ಲೆಕ್ಕವಿಲ್ಲವೆಂದು ನೀನೇ ಬರೆದಿದ್ದೆ. ಸೇರಿದ ಮೇಲೆ ಮನೆಗೆ ಪತ್ರ ಹಾಕಬೇಡ.

ಆ ರೊಟ್ಟಿ ಬಡಿದು ಕೊಟ್ಟವಳು ನಿನ್ನ ಅವ್ವ.

ನಿನ್ನ ಅಜ್ಜ,
ಸೋಮನಿಂಗಪ್ಪ