ಸೋಮವಾರದ ಸಂಶೋಧಕ

ಪರಮೇಶ್ವರ,

ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯುವಂತಿಲ್ಲ, ಅದಕ್ಕೆ ಕಾರಣ ನೀನು. ನಿನ್ನ ಕ್ಷೇಮ ಕೇಳುವ ಅಗತ್ಯವೂ ಇಲ್ಲ. ಕಳೆದ ವಾರ ಪೇಪರಿನಲ್ಲಿ ನಿನ್ನ ಫೋಟೋ ಬಂದಿತ್ತು. ಹೆಗಲ ಮೇಲೆ ಶಾಲು, ಕೊರಳಲ್ಲಿ ಹಾರ, ಮುಖದ ಮೇಲೆ ವಿನಯ. ಪಿಯುಸಿಯಲ್ಲಿ ಕಾಲೇಜಿಗೇ ಮೊದಲಿಗನಾದಾಗಲೂ ನೀನು ಇದೇ ಮುಖ ಹಾಕಿಕೊಂಡು ನಿಂತಿದ್ದೆ, ಪಕ್ಕದಲ್ಲೇ ಇದ್ದ ನನಗೆ ಚೆನ್ನಾಗಿ ನೆನಪಿದೆ. ಬಬಲೇಶ್ವರದ ಮಣ್ಣಿನ ಮಗ, ನರರೋಗ ತಜ್ಞ, ತನ್ನ ಜಿಲ್ಲೆಯ ಜನರ ನಡುಕ ರೋಗಕ್ಕೆ ಹೊಸ ವಿವರಣೆ ಕೊಟ್ಟವ ಎಂದು ಕೆಳಗೆ ಬರೆದಿದ್ದರು. ಅವ್ವನಿಗೆ ಓದಿ ಹೇಳಿದೆ. ಅವಳಿಗೆ ಹಿಗ್ಗೋ ಹಿಗ್ಗು. ನನಗೆ ಹೇಸಿಗೆಯಾಯಿತು.

ಆ ವಿವರಣೆಯ ಪ್ರಬಂಧವನ್ನು ನಾನು ಪೂರ್ತಿ ಓದಿದ್ದೇನೆ. ಇಂಗ್ಲಿಷ್ ಕಲಿಸಿ ಹೊಟ್ಟೆ ಹೊರೆಯುವವಳು, ಅರ್ಥವಾಗದ ಕಡೆ ನಮ್ಮ ಓಣಿಯ ಹಳೆಯ ಡಾಕ್ಟರನ್ನು ಕೇಳಿ ತಿಳಿದುಕೊಂಡೆ. ಪಾರ್ಕಿನ್ಸನ್ಸ್ ರೋಗಕ್ಕೆ ಗುಳಿಗೆ ತಾಗುತ್ತದೆ. ಆದರೆ ಅದಕ್ಕೆ ಕೆಲವು ದಾಯಾದಿ ರೋಗಗಳಿವೆಯಂತೆ, ನೋಡಲು ಅದರ ಹಾಗೆಯೇ ಇರುತ್ತವೆ, ಗುಳಿಗೆಗೆ ಮಾತ್ರ ಜಗ್ಗುವುದಿಲ್ಲ, ಮನುಷ್ಯ ಬೇಗ ಕುಸಿಯುತ್ತಾನೆ. ವಿಜಯಪುರ, ತಿಕೋಟಾ, ಬಬಲೇಶ್ವರದ ಹಿಂದೂ ರೋಗಿಗಳಲ್ಲಿ ಬಹಳ ಮಂದಿಗೆ ಈ ದಾಯಾದಿ ರೋಗ, ಅದೇ ಊರುಗಳ ಮುಸಲ್ಮಾನರಿಗೆ ಅಸಲಿ ರೋಗ ಎಂದು ನೀನು ಬರೆದಿದ್ದೀ. ನಿನ್ನ ಲೆಕ್ಕದಲ್ಲಿ, ನಿನ್ನದೇ ರೋಗಿ ತಿಕೋಟಾದ ಯಾಕೂಬಣ್ಣನಿಗೆ ತಾಗುವ ಗುಳಿಗೆ ಅವನ ಗೋಡೆಯಾಚೆಯ ಮನೆಯವರಿಗೆ ತಾಗುವುದಿಲ್ಲ. ಕಾರಣ ರಕ್ತದಲ್ಲಿರಬೇಕು, ವಂಶವಾಹಿಗಳನ್ನು ಹುಡುಕಬೇಕು ಎಂದು ಕೊನೆಯ ಪುಟದಲ್ಲಿ ಬಹಳ ಗಂಭೀರವಾಗಿ ಹೇಳಿದ್ದೀ. ಒಂದೇ ಬಾವಿಯ ನೀರು ಕುಡಿದವರ ರಕ್ತ ಬೇರೆ ಮಾಡಲು ನಮ್ಮಲ್ಲಿ ಬೇರೆ ಜನ ಬೇಕಾದಷ್ಟು ಇದ್ದರು. ಅದಕ್ಕೆ ನರರೋಗ ತಜ್ಞನೇ ಬರಬೇಕಾಗಿರಲಿಲ್ಲ.

ತೊರವಿ ದಾಟಿದ ಮೇಲಿನ ಆ ಆಸ್ಪತ್ರೆಯಲ್ಲಿ ನೀನು ಯಾವ ದಿನ ಕೂರುತ್ತಿದ್ದೆ? ಸೋಮವಾರ. ನೀನಿರುವ ಊರಿನಿಂದ ರವಿವಾರ ರಾತ್ರಿ ರೈಲು ಹತ್ತಿ ಬಂದು, ಸೋಮವಾರ ರೋಗಿಗಳನ್ನು ನೋಡಿ, ಸಂಜೆ ಮತ್ತೆ ರೈಲು ಹತ್ತಲು ನಿನಗೆ ಅನುಕೂಲ. ನಿನ್ನ ಅನುಕೂಲದ ಆ ದಿನ ನಮ್ಮ ಕಡೆಯ ಹಿರಿಯರು ಏನು ಮಾಡುತ್ತಾರೆ ಎಂದು ಅಲ್ಲಿನ ಕಸ ಗುಡಿಸುವವಳನ್ನು ಕೇಳಿದ್ದರೂ ಹೇಳುತ್ತಿದ್ದಳು. ಒಪ್ಪತ್ತು ಇರುತ್ತಾರೆ. ಸಂಜೆ ದೇವರಿಗೆ ಕಾಯಿ ಒಡೆಸಿ, ಎಡೆ ಮಾಡಿ ಆಮೇಲೆಯೇ ಊಟ. ನಿನ್ನ ಚೀಟಿಯಲ್ಲಿ ಗುಳಿಗೆಯನ್ನು ಊಟದ ಮೇಲೆ ತೆಗೆದುಕೊಳ್ಳಬೇಕು ಎಂದಿತ್ತು. ಊಟವಿಲ್ಲದ ಮೇಲೆ ಗುಳಿಗೆ ಎಲ್ಲಿಂದ ಬರಬೇಕು? ವಾರದಲ್ಲಿ ಆರು ದಿನ ಗುಳಿಗೆ ನುಂಗಿ ಓಡಾಡುವ ಜನ, ಏಳನೆಯ ದಿನ ಹಸಿದ ಹೊಟ್ಟೆಯಲ್ಲಿ, ಕಟ್ಟಿಗೆಯಂತಾಗಿ ನಿನ್ನೆದುರು ಕೂತರು. ಆ ಏಳನೆಯ ದಿನವನ್ನೇ ನೀನು ಅಳೆದೆ, ಅದಕ್ಕೊಂದು ರೋಗದ ಹೆಸರು ಕೊಟ್ಟೆ, ಅಚ್ಚು ಹಾಕಿಸಿದೆ.

ನೀನು ಪರದೇಶದವನಾಗಿದ್ದರೆ ಹಾಳಾಗಿ ಹೋಗಲಿ ಎಂದು ಬಿಡುತ್ತಿದ್ದೆ. ಆದರೆ ಕಾಲೇಜಿನ ಎರಡು ವರ್ಷ ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದೆ, ನಮ್ಮ ಮನೆಯ ಎದುರಿಗಿನ ಖೋಲಿಯಲ್ಲಿ ಇದ್ದವನು ನೀನು. ಸೋಮವಾರ ಅವ್ವ ದಿನವಿಡೀ ಏನೂ ಮುಟ್ಟದೆ ಸಂಜೆಗೆಂದು ಮಾಡಿಟ್ಟ ಸಾಬೂದಾಣಿ ಖಿಚಡಿಯನ್ನು ಅವಳು ಗುಡಿಯಿಂದ ಬರುವ ಮೊದಲೇ ಮುಗಿಸಿ, ಕೈ ಒರೆಸಿಕೊಂಡು ಹೋಗುತ್ತಿದ್ದೆ. ಉಪವಾಸ ಅವಳದು, ಫಲಾಹಾರ ನಿನ್ನದು. ಇಷ್ಟೆಲ್ಲ ಮರೆಯಲು ಎಷ್ಟು ಓದಬೇಕಾಯಿತು ನಿನಗೆ?

ಅವ್ವನಿಗೂ ಅದೇ ನಡುಕ ರೋಗ, ಹೋದ ವರ್ಷ ಅವಳನ್ನು ನಾನೇ ನಿನ್ನಲ್ಲಿಗೆ ಕರೆತಂದೆ. ಆಟೋದಿಂದ ಇಳಿಸಿ, ಇಬ್ಬರು ಹಿಡಿದು ಒಳಗೆ ತಂದೆವು. ನೀನು ಅವಳ ಬೆರಳು ತಟ್ಟಿಸಿದೆ, ನಡೆಸಿದೆ, ಹಿಂದಿನಿಂದ ಭುಜ ಹಿಡಿದು ಎಳೆದು ನೋಡಿದೆ. ಮನೆಯಲ್ಲಿ ಹೀಗಿರುವುದಿಲ್ಲ, ನಿನ್ನೆ ತಾನೇ ರೊಟ್ಟಿ ಬಡಿದಿದ್ದಾಳೆ ಎಂದು ನಾನು ಹೇಳಿದೆ. ನೀನು ನಕ್ಕೆ. “ಮನಿಯವ್ರ ಕಣ್ಣಿಗಿ ಹಂಗ ಕಾಣ್ತದ ನಂದಾ. ಅದನ್ನ ನಾವು ಲೆಕ್ಕಕ್ಕ ಹಿಡಿಯಂಗಿಲ್ಲ” ಎಂದೆ. ಗುಳಿಗೆ ತಪ್ಪಿಸುತ್ತೀಯಾ ಎಂದು ನೀನೇ ಅವ್ವನನ್ನು ಕೇಳಿದೆ. ಒಂದೂ ತಪ್ಪಿಸಿಲ್ಲ ಎಂದಳು. ಎರಡು ಸಲ ಗುಳಿಗೆ ಹೆಚ್ಚಿಸಿದೆ, ಎರಡು ಸಲವೂ ಸೋಮವಾರವೇ ನೋಡಿದೆ, ಮೂರನೆಯ ಸಲ ಇದು ದಾಯಾದಿ ರೋಗ, ಗುಳಿಗೆ ದಂಡ ಎಂದು ಇಳಿಸುತ್ತ ನಿಲ್ಲಿಸಲು ಬರೆದುಕೊಟ್ಟೆ.

ಗುಳಿಗೆ ನಿಂತ ಮೇಲೆ ಅವ್ವನಿಗೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಲು ಆಗಲಿಲ್ಲ. ಒಂದು ಮುಂಜಾನೆ ಬಚ್ಚಲಿಗೆ ಹೋಗುವಾಗ ಕಾಲು ನೆಲಕ್ಕೆ ಅಂಟಿಕೊಂಡಿತು, ಮೈ ಮುಂದೆ ಹೋಯಿತು, ಸೊಂಟದ ಎಲುಬು ಮುರಿಯಿತು. ಆಗ ಮನೆಗೆ ಬಂದ ಓಣಿಯ ಡಾಕ್ಟರು ನೀನು ಬಿಡಿಸಿದ ಗುಳಿಗೆಯನ್ನೇ ಮತ್ತೆ ಶುರು ಮಾಡಿದರು. ನೋಡನೋಡುತ್ತ ಕೈ ಸಡಿಲಾಯಿತು, ಮುಖಕ್ಕೆ ನಗು ಬಂತು. ಸೋಮವಾರ ಮತ್ತೆ ಬಿಗಿಯಿತು. ಡಾಕ್ಟರು ಕೇಳಿದಾಗ ಅವ್ವ ಹೇಳಿದ್ದು ಇಷ್ಟು: “ಇವತ್ತ ಒಪ್ಪತ್ತಲ್ರಿ. ಉಣ್ಣದ ಗುಳಿಗಿ ಹ್ಯಾಂಗ ನುಂಗಲಿ? ತಪ್ಪಿಸಿಲ್ರಿ ನಾ. ಸೋಮಾರಕ್ಕ ಗುಳಿಗಿನ ಇಲ್ಲ.”

ಅವಳು ಸುಳ್ಳು ಹೇಳಿರಲಿಲ್ಲ. ಸೋಮವಾರದ ಗುಳಿಗೆ ಅವಳ ಪಾಲಿಗೆ ಇರಲೇ ಇಲ್ಲ, ಇಲ್ಲದ್ದನ್ನು ತಪ್ಪಿಸುವುದು ಹೇಗೆ? ಈಗ ದೇವರಿಗೆ ಕೈಮುಗಿದು, ಒಂದು ಗುಟುಕು ಹಾಲಿನ ಜೊತೆ ಸೋಮವಾರವೂ ನುಂಗುತ್ತಾಳೆ. ಕೈ ನಡುಗುವುದಿಲ್ಲ. ಗುಳಿಗೆ ಚೆನ್ನಾಗಿಯೇ ತಾಗುತ್ತಿದೆ. ನಡೆಯಲು ಸೊಂಟ ಮಾತ್ರ ಇಲ್ಲ.

ಇದನ್ನೆಲ್ಲ ನಿನಗೆ ಮೇಲ್ ಮಾಡಿದೆ. ಒಬ್ಬ ರೋಗಿಯ ಅನುಭವದಿಂದ ಪ್ರಬಂಧದ ತೀರ್ಮಾನ ಬದಲಾಗದು, ನಿಮ್ಮ ತಾಯಿಯವರು ಬೇಗ ಗುಣವಾಗಲಿ ಎಂದು ನೀನು ಉತ್ತರ ಬರೆದೆ. ನಿಮ್ಮ ತಾಯಿಯವರು! ಅವಳ ಖಿಚಡಿ ತಿನ್ನುವಾಗ ಅವ್ವ ಎನ್ನುತ್ತಿದ್ದೆಯಲ್ಲೋ. ಒಬ್ಬ ರೋಗಿ ಸಾಲದು ಎಂದೆಯಾದ್ದರಿಂದ, ಡಾಕ್ಟರೂ ನಾನೂ ಸೇರಿ ಪರಿಚಯದವರನ್ನು ಹಿಡಿದು ನಿನ್ನ ರೋಗಿಗಳನ್ನು ಹುಡುಕಿದೆವು. ತಿಕೋಟಾದಲ್ಲಿ, ಬಿಜ್ಜರಗಿಯಲ್ಲಿ, ನಿನ್ನೂರಿನಲ್ಲಿ. ಹೋದಲ್ಲೆಲ್ಲ ಅದೇ ಒಪ್ಪತ್ತು. ಯಾಕೂಬಣ್ಣ ಸೋಮವಾರವೂ ಮುಂಜಾನೆ ಚಹಾ, ಚಪಾತಿ ತಿಂದು, ಗುಳಿಗೆ ನುಂಗಿ ನಿನ್ನಲ್ಲಿಗೆ ಬರುತ್ತಿದ್ದನಂತೆ. ಇದೇ ನೀನು ರಕ್ತದಲ್ಲಿ ಹುಡುಕಿದ ರಹಸ್ಯ. ಅವನ ಚಪಾತಿಗೆ ನೀನು ವಂಶವಾಹಿ ಎಂದು ಹೆಸರಿಟ್ಟೆ.

ಹೋದ ಮನೆಗಳವರು ನಮ್ಮ ಮಾತು ಕೇಳಿ ಗುಳಿಗೆ ಮತ್ತೆ ಶುರು ಮಾಡಿದರು, ಕೆಲವರು ಆಗಲೇ ಎದ್ದು ಓಡಾಡುತ್ತಿದ್ದಾರೆ. ಕೇಳದೆ ಇರುವವಳು ಒಬ್ಬಳೇ, ನಿನ್ನ ಓಣಿಯ ಹನಮವ್ವ. ಅವಳ ಗಂಡ ಶಿವಯೋಗೆಪ್ಪ ದ್ರಾಕ್ಷಿಬಳ್ಳಿಯ ಕಡ್ಡಿ ಕತ್ತರಿಸಲು ಊರೂರಿಗೆ ಬೇಕಾಗಿದ್ದವನು. ಈಗ ಚಾಪೆಯ ಮೇಲೆ ಒಂದೇ ಮಗ್ಗುಲಿಗೆ ಬಿದ್ದಿದ್ದಾನೆ. ಅವಳು ಚಮಚದಿಂದ ಗಂಜಿ ಹಾಕುತ್ತಾಳೆ, ಅದು ಗಂಟಲಲ್ಲಿ ಇಳಿಯುವುದನ್ನು ಕಾಯುತ್ತಾಳೆ, ಮತ್ತೆ ಹಾಕುತ್ತಾಳೆ. ಹೀಗೇ ಬಿಟ್ಟರೆ ಒಂದು ದಿನ ಗಂಜಿ ಶ್ವಾಸಕ್ಕೆ ಹೋಗಿ ಮುಗಿಯುತ್ತದೆ ಎಂದು ಡಾಕ್ಟರು ಬಿಚ್ಚಿಯೇ ಹೇಳಿದರು. ನಾನು ಕೈ ಹಿಡಿದು ಬೇಡಿಕೊಂಡೆ.

“ಪರಮೇಶಿ ನಮ್ಮ ಊರ ಹುಡುಗ. ಅಂವ ಗುಳಿಗಿ ಬ್ಯಾಡ ಅಂದಾನ” ಎಂದಳು ಹನಮವ್ವ. “ನೀವು ಯಾರೋ ಏನೋ. ಅಂವ ಕೊಡು ಅಂದ್ರ ಇವತ್ತ ಕೊಡತೀನಿ.”

ಬಸ್ಸಿನಲ್ಲಿ ಮನೆಗೆ ಬರುವಾಗ ದಾರಿಯುದ್ದಕ್ಕೂ ಕುದಿದೆ. ಜಗತ್ತಿನಲ್ಲಿ ನಿನ್ನ ಮಾತಿಗೆ ನಾನು ಮೂರು ಕಾಸಿನ ಬೆಲೆ ಕೊಡುವುದಿಲ್ಲ. ಆದರೆ ಶಿವಯೋಗೆಪ್ಪನ ಜೀವ ನಿನ್ನ ಮಾತಿಗೇ ಗಂಟು ಬಿದ್ದಿದೆ. ಅದಕ್ಕೇ ಈ ಪತ್ರ, ಇಲ್ಲದಿದ್ದರೆ ನಿನಗೆ ಬರೆಯಲು ನಾನು ಶಾಯಿ ಖರ್ಚು ಮಾಡುತ್ತಿರಲಿಲ್ಲ.

ಪ್ರಬಂಧ ಹಿಂದೆ ಪಡೆಯಲು ನಾಚಿಕೆ ಬೇಕು, ಅದು ನಿನಗೆ ಬರುವವರೆಗೆ ಶಿವಯೋಗೆಪ್ಪ ತಾಳಲಾರ. ಅದಕ್ಕಾಗಿ ಪ್ರಬಂಧ ಅಚ್ಚು ಹಾಕಿದ ವೈದ್ಯಪತ್ರಿಕೆಯವರಿಗೆ ನಾನು, ಡಾಕ್ಟರು ಬೇರೆಯೇ ಬರೆದಿದ್ದೇವೆ. ನೀನು ತಪ್ಪು ಒಪ್ಪಿಕೊಳ್ಳುವುದೂ ಈ ಹೊತ್ತಿಗೆ ಬೇಡ. ಹನಮವ್ವನ ಮನೆಯ ಫೋನ್ ನಂಬರು ಹಾಳೆಯ ಹಿಂದಿದೆ. ಫೋನ್ ಮಾಡಿ “ಗುಳಿಗಿ ಕೊಡು ಕಾಕು” ಎನ್ನು. ಅಷ್ಟು ಸಾಕು. ಹೊಸ ವಿಚಾರ ಬಂತು, ಹೊಸ ಔಷಧಿ ಬಂತು ಎಂದು ಏನು ಬೇಕಾದರೂ ಸುಳ್ಳು ಹೇಳಿಕೊ, ನಿನ್ನ ಮಾನ ಉಳಿಯಲಿ, ಅವನ ಜೀವ ಉಳಿಯಲಿ.

ನಿನ್ನ ಕೈ ಎಂದಿಗೂ ನಡುಗದಿರಲಿ. ನಡುಗುವ ದಿನ ಬಂದರೂ, ಮುಟ್ಟುವ ಮೊದಲು ಉಂಡಿದ್ದೀಯೇನಪ್ಪ ಎಂದು ಕೇಳುವ ಡಾಕ್ಟರು ನಿನಗೆ ಸಿಗಲಿ.

ಮಲಕವ್ವನ ಮಗಳು
ನಂದಾ